ಹಾಸನದವರೇ, ವಾಲ್ವ್ ಬದಲಾಯಿಸಿದೀವಿ ಅಂದ್ರೆ ಹಳೇದನ್ನ ಕೇಳಿ ತಗೊಳ್ಳಿ

ಹಳೇ ಪೆಟ್ರೋಲ್ ಕಾರು ಇಟ್ಟುಕೊಂಡವರು ದಯವಿಟ್ಟು ಓದಿ. ನನ್ನದು ಹಳೇ ಆಲ್ಟೊ. ಎನ್.ಆರ್. ಸರ್ಕಲ್‌ನಲ್ಲಿ ಆಕ್ಸಿಲೇಟರ್ ಬಿಟ್ಟರೆ ಸಾಕು ಇಂಜಿನ್ ಆಫ್. ಎಸಿ ಹಾಕಿದರಂತೂ ಕೇಳಲೇಬೇಡಿ.

ಊರಲ್ಲೇ ಒಂದು ಗ್ಯಾರೇಜಿಗೆ ಬಿಟ್ಟೆ. "ಐಡ್ಲಿಂಗ್ ವಾಲ್ವ್ ಹೋಗಿದೆ ಸಾರ್, ಕ್ಲೀನ್ ಮಾಡಿದ್ರೆ ಆಗಲ್ಲ, ಹೊಸದೇ ಹಾಕ್ಬೇಕು" ಅಂದರು. ಆಕ್ಸಿಲೇಟರ್ ಬಿಟ್ಟಾಗ ಇಂಜಿನ್ ನಿಲ್ಲದಂತೆ ಗಾಳಿ ಬಿಡೋ ಸಣ್ಣ ಪಾರ್ಟ್ ಅದು. 4,500 ರೂಪಾಯಿ. ಚೀಟಿಯಲ್ಲಿ 'ವಾಲ್ವ್ ಚೇಂಜ್' ಅಂತ ಬರೆದೂ ಕೊಟ್ಟರು. ಹಳೇದು ಎಲ್ಲಿ ಅಂದರೆ "ಗುಜರಿಗೆ ಹೋಯ್ತು ಸಾರ್". ಬೆಳಿಗ್ಗೆ ಬಿಚ್ಚಿದ್ದು ಸಂಜೆಯೊಳಗೆ ಗುಜರಿಗೆ!

ಸ್ವಲ್ಪ ದಿನ ಚೆನ್ನಾಗಿತ್ತು. ಆಮೇಲೆ ಭಾವನನ್ನು ಕೂರಿಸಿಕೊಂಡು, ಹೊಸ ವಾಲ್ವ್ ಹಾಕಿಸಿದೀನಿ ಅಂತ ಹೇಳುತ್ತಾ ಬೇಲೂರು ರೋಡಲ್ಲಿ ಹೋಗುವಾಗ ಹಂಪ್ ಹತ್ತಿರ ಮತ್ತೆ ಆಫ್. ಹಿಂದೆ ಬಸ್ಸಿನವನ ಹಾರ್ನ್. ಭಾವ ಏನೂ ಮಾತಾಡಲಿಲ್ಲ, ಸುಮ್ನೆ ಕಿಟಕಿ ಆಚೆ ನೋಡಿದರು. ಅದೇ ಜಾಸ್ತಿ ಉರಿಸಿತು.

ಭಾನುವಾರ ಮನೆಯಲ್ಲೇ ಬಿಚ್ಚಿದೆ. ಬ್ಯಾಟರಿ ನೆಗೆಟಿವ್ ತೆಗೆದು, ಥ್ರಾಟಲ್ ಬಾಡಿ (ಇಂಜಿನ್‌ಗೆ ಗಾಳಿ ಹೋಗೋ ಭಾಗ) ಮೇಲಿನ ಸ್ಕ್ರೂ ಬಿಚ್ಚಿ ವಾಲ್ವ್ ಕೈಗೆ ತಗೊಂಡರೆ, ಅದರ ಸಾಕೆಟ್ ಮೂಲೆಯಲ್ಲಿ ಇಲಿ ಕಡಿದ ಗುರುತು! ಹೋದ ವರ್ಷ ಬಾನೆಟ್ ಒಳಗೆ ಇಲಿ ಸೇರಿ ಕಡಿದಿತ್ತು, ಅದೇ ಗುರುತು, ಅದೇ ಮೂಲೆ. ಮೈಯೆಲ್ಲಾ ಉರಿದುಹೋಯಿತು. ನನ್ನದೇ ಹಳೇ ವಾಲ್ವ್‌ನ ತುದಿ ಒರೆಸಿ ನನಗೇ 4,500ಕ್ಕೆ ಮಾರಿದಾರೆ. ಒಳಗಿನ ಗಾಳಿ ದಾರಿಯ ಮಸಿ ಹಾಗೇ ಇದೆ. ಗಾಳಿ ಸೋರದಂತೆ ತಡೆಯೋ ಗ್ಯಾಸ್ಕೆಟ್ ಇರಬೇಕಾದ ಕಡೆ ಗಮ್ ಮೆತ್ತಿದಾರೆ.

ಫೋನ್ ಮಾಡಿದೆ. "ಕಂಪ್ನಿ ಪೀಸೇ ಸಾರ್ ಅದು." ಇಲಿ ಕಡಿದ ಗುರುತು ಇದೆಯಲ್ಲಪ್ಪಾ ಅಂದೆ. "ಹೊಸದನ್ನೂ ಕಡಿದಿರುತ್ತೆ ಸಾರ್, ಇಲಿಗೇನ್ ಗೊತ್ತಾಗುತ್ತೆ?" ಅದೇ ಮೂಲೆಯನ್ನೇ ಕಡಿಯುತ್ತಾ ಅಂದರೆ, "ನೀವು ಬಿಚ್ಚಿದೀರಲ್ಲ ಸಾರ್, ಇನ್ನು ವಾರಂಟಿ ಇಲ್ಲ." ಎಂಥ ಮಾತು ನೋಡಿ! ಇಲಿಗೇನ್ ಗೊತ್ತಾಗುತ್ತೆ ಅಂತೆ!

ಆಕ್ಸಿಲೇಟರ್ ಬಿಟ್ಟಾಗ ಇಂಜಿನ್‌ಗೆ ಗಾಳಿ ಹೋಗೋದು ಈ ವಾಲ್ವ್ ಇರೋ ಸಣ್ಣ ದಾರಿಯಲ್ಲಿ. ಅಲ್ಲಿ ಮಸಿ ಕಟ್ಟಿದರೆ ಗಾಡಿ ನಿಲ್ಲುತ್ತೆ, ಅಷ್ಟೇ. ಥ್ರಾಟಲ್ ಕ್ಲೀನರ್ ಹೊಡೆದು ಮೆತ್ತನೆ ಬ್ರಷ್‌ನಲ್ಲಿ ಉಜ್ಜಿದೆ, ಹೊಸ ಗ್ಯಾಸ್ಕೆಟ್ ಹಾಕಿದೆ, ಈಗ ಎಸಿ ಹಾಕಿದರೂ ನಿಲ್ಲಲ್ಲ. ನೀವು ಮಾಡೋದಾದರೆ ವಾಲ್ವ್ ತುದಿಯ ಪಿನ್ ಅನ್ನು ಬೆರಳಲ್ಲಿ ಒತ್ತಬೇಡಿ, ಎಳೆಯಲೂಬೇಡಿ. ಕ್ಲೀನ್ ಮಾಡುವಾಗ ವಾಲ್ವ್‌ನ ಮೋಟಾರ್ ಭಾಗ ಮೇಲೆ ಇರಲಿ, ಕ್ಲೀನರ್ ಅದರೊಳಗೆ ಇಳಿಯಬಾರದು. ಇಂಜಿನ್ ತಣ್ಣಗಿರಬೇಕು. ಹೊಸ ಮಾಡೆಲ್ ಗಾಡಿಗಳಲ್ಲಿ ಈ ವಾಲ್ವ್ ಬೇರೆಯಾಗಿ ಇರೋದೇ ಅಪರೂಪ, ಅವಕ್ಕೂ ಯಾರಾದರೂ ಇದೇ ಕಥೆ ಹೇಳಿದರೆ ಎದ್ದು ಬನ್ನಿ.

ಗ್ಯಾರೇಜಿಗೇ ಕೊಡೋದಾದರೆ ಬಿಡುವ ಮೊದಲೇ ಪಾರ್ಟ್‌ನ ಫೋಟೋ ತೆಗೆದಿಟ್ಟುಕೊಳ್ಳಿ, ಮಾರ್ಕರ್‌ನಲ್ಲಿ ಒಂದು ಗೆರೆ ಹಾಕಿ. ಎಲ್ಲರ ಗಾಡಿಗೂ ಇಲಿ ಬರಲ್ಲ. ನನ್ನ ದುಡ್ಡು ಇನ್ನೂ ವಾಪಸ್ ಬಂದಿಲ್ಲ. ಈಗ ಫೋನೂ ಎತ್ತುತ್ತಿಲ್ಲ.