ಲಿಟರ್ಜಿಯ ಜೊತೆ ಹಲವು ವರ್ಷ

ನ್ಯೂಯಾರ್ಕಿನ ಬ್ರೂಕ್ಲಿನ್‌ನಿಂದ ಬಂದ ಲಿಟರ್ಜಿ ಬ್ಯಾಂಡನ್ನು ನಾನು 2011ರ ‘ಈಸ್ತೆಥಿಕಾ’ ಆಲ್ಬಮ್‌ನಿಂದ ಕೇಳುತ್ತ ಬಂದಿದ್ದೇನೆ. ಇವರು ನುಡಿಸುವ ಬ್ಲ್ಯಾಕ್ ಮೆಟಲ್ (ಅತಿ ವೇಗದ, ಕರ್ಕಶ ರಾಕ್ ಸಂಗೀತ) ಎಂದರೆ ನಾರ್ವೆಯ ಚಳಿ, ಕತ್ತಲೆ, ದ್ವೇಷ ಎಂದೇ ತಿಳಿದಿದ್ದ ನನಗೆ, ಅದೇ ಚೀರುವ ಗಂಟಲಿನಿಂದಲೂ ಅದೇ ಗಿಟಾರ್ ಮೊರೆತದಿಂದಲೂ ಹರ್ಷ ಉಕ್ಕಬಲ್ಲದು ಎಂಬುದು ಮೊದಲು ತಿಳಿದದ್ದು ಆಗಲೇ.

ಅದಕ್ಕೆ ಕಾರಣ ಡ್ರಮ್ಸ್. ಈ ಸಂಗೀತದ ರೂಢಿಯ ಬ್ಲಾಸ್ಟ್ ಬೀಟ್ ಎಂಬ ಬಿರುಸಿನ ಡ್ರಮ್ ಬಡಿತ ಯಂತ್ರದಂತೆ ಒಂದೇ ವೇಗದಲ್ಲಿ ಓಡುತ್ತದೆ. ಬ್ಯಾಂಡಿನ ನಾಯಕಿ ಹಂಟ್-ಹೆಂಡ್ರಿಕ್ಸ್ ‘ಬರ್ಸ್ಟ್ ಬೀಟ್’ ಎಂದು ಹೆಸರಿಟ್ಟ ಬಡಿತವಾದರೋ ಉಸಿರಿನಂತೆ ಏರುತ್ತದೆ, ತಗ್ಗುತ್ತದೆ. ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ, ಆ ಆಲ್ಬಮ್‌ನ ಡ್ರಮ್ಮರ್ ಗ್ರೆಗ್ ಫಾಕ್ಸ್ ಅವರ ಸ್ನೇರ್ ಡ್ರಮ್ ಪೆಟ್ಟುಗಳು ಒಂದರ ಮೇಲೊಂದು ಒತ್ತರಿಸಿ ಬಂದು, ಇನ್ನೇನು ಒಡೆಯಿತು ಎನ್ನುವಾಗ ಸಡಿಲಗೊಳ್ಳುವುದು ಸ್ಪಷ್ಟವಾಗಿ ಕೇಳಿಸುತ್ತದೆ.

2015ರ ‘ದಿ ಆರ್ಕ್ ವರ್ಕ್’ ನನ್ನನ್ನು ದೂರ ತಳ್ಳಿತು. ಚೀರಾಟದ ಜಾಗದಲ್ಲಿ ಮಂತ್ರ ಹೇಳಿದಂಥ ಏಕಸ್ವರದ ಗಾಯನ. ಸುತ್ತಲೂ ಕಂಪ್ಯೂಟರಿನ ತುತ್ತೂರಿ, ಗಂಟೆ. ಎರಡು ಸಲ ಕೇಳಿ ಬದಿಗಿಟ್ಟೆ. ಆ ತುತ್ತೂರಿಗಳ ದನಿ ತೀರ ತೆಳುವಾಯಿತು, ಡ್ರಮ್ಸ್ ಹಿಂದೆ ಸರಿಯಿತು ಎಂಬ ನನ್ನ ದೂರು ಇಂದಿಗೂ ಹಾಗೆಯೇ ಇದೆ. ಆದರೆ 2019ರಲ್ಲಿ ‘ಎಚ್.ಎ.ಕ್ಯೂ.ಕ್ಯೂ.’ ಬಂದಾಗ, ಚೀರಾಟ ಮರಳಿ, ಅದರ ನಡುವೆ ಹಾರ್ಪ್, ತಂತಿವಾದ್ಯಗಳು ಸೇರಿ, ಧ್ವನಿಮುದ್ರಣವೇ ಸಿ.ಡಿ. ಸಿಕ್ಕಿಕೊಂಡಂತೆ ತಡವರಿಸುವುದನ್ನು ಕೇಳಿದ ಮೇಲೆ ‘ದಿ ಆರ್ಕ್ ವರ್ಕ್’ಗೆ ಹಿಂದಿರುಗಿದೆ. ಒಂದೇ ಸ್ವರವನ್ನು ಹಿಡಿದು ತೊದಲುವ ಆ ತುತ್ತೂರಿಗಳಲ್ಲಿ ಇದ್ದದ್ದು ಅದೇ ಬರ್ಸ್ಟ್ ಬೀಟ್. ಅದು ಡ್ರಮ್ಸ್‌ನಿಂದ ಬೇರೆ ವಾದ್ಯಕ್ಕೆ ದಾಟಿತ್ತು, ನಾನು ಗುರುತಿಸಿರಲಿಲ್ಲ.

2020ರ ‘ಒರಿಜಿನ್ ಆಫ್ ದಿ ಅಲಿಮನೀಸ್’ ಒಪೆರಾ ರೂಪದ್ದು; ಅದನ್ನು ಮೆಚ್ಚುತ್ತೇನೆ, ಆದರೆ ಮತ್ತೆ ಮತ್ತೆ ಹಾಕಿಕೊಳ್ಳುವುದಿಲ್ಲ. ನಾನು ಬಿಡದೆ ಕೇಳುವುದು 2023ರ ‘93696’. ಎಂಬತ್ತು ನಿಮಿಷ ಮೀರುವ ಈ ಜೋಡಿ ಆಲ್ಬಮ್‌ನ ಧ್ವನಿಮುದ್ರಣ ಹೆಸರಾಂತ ರೆಕಾರ್ಡಿಂಗ್ ಎಂಜಿನಿಯರ್ ಸ್ಟೀವ್ ಆಲ್ಬಿನಿ ಅವರದು. ನಾಲ್ವರು ಒಂದೇ ಕೋಣೆಯಲ್ಲಿ ನಿಂತು ನುಡಿಸುತ್ತಿರುವ ಅನುಭವ ಇಲ್ಲಿದೆ. ಕೊಳಲು, ಗಂಟೆಗಳು ಗಿಟಾರಿನ ಮೈಗೇ ಹತ್ತಿಕೊಂಡಿವೆ. ಇಷ್ಟು ದೀರ್ಘವಾದದ್ದನ್ನು ಒಂದೇ ಸಲಕ್ಕೆ ಕೂತು ಕೇಳುವುದು ಕಷ್ಟವೇ, ನಾನು ಎರಡು ಸಂಜೆಗೆ ಹಂಚಿಕೊಳ್ಳುತ್ತೇನೆ. ಹೊಸಬರು ‘ಈಸ್ತೆಥಿಕಾ’ದಿಂದ ಆರಂಭಿಸಲಿ, ಆದರೆ ‘ದಿ ಆರ್ಕ್ ವರ್ಕ್’ ಅನ್ನು ಬಿಟ್ಟು ನೇರವಾಗಿ ‘93696’ಕ್ಕೆ ಹಾರದಿರಲಿ.