ಬಸುರಿಗೆ ಮೊದಲು, ಬಸುರಿನಲ್ಲಿ: ನಮ್ಮ ಮನೆಯ ಎರಡು ತೂಕದ ಮೆಷಿನ್‌ಗಳು

ನೇರ ವಿಷಯಕ್ಕೆ ಬರುತ್ತೇನೆ. ಮನೆಯಲ್ಲಿ ಮಗು ಬೇಕು ಅಂದುಕೊಂಡಿರುವ ಹೆಣ್ಣುಮಗಳಿದ್ದರೆ ಒಂದು ಸಾದಾ ಡಿಜಿಟಲ್ ತೂಕದ ಮೆಷಿನ್ ತಂದಿಡಿ. ಸಾವಿರ ರೂಪಾಯಿ ಒಳಗೆ ಒಳ್ಳೆಯದೇ ಸಿಗುತ್ತದೆ. ಮೊಬೈಲ್ ಆ್ಯಪ್‌ಗೆ ಸೇರಿಕೊಂಡು ಮೈಯಲ್ಲಿ ಕೊಬ್ಬು ಎಷ್ಟು, ಸ್ನಾಯು ಎಷ್ಟು ಅಂತೆಲ್ಲ ಹೇಳುವ ದುಬಾರಿ ಮೆಷಿನ್ ಈ ಕೆಲಸಕ್ಕೆ ಬೇಡ. ನಮ್ಮ ಮನೆಯಲ್ಲಿ ಎರಡೂ ಇವೆ. ಸಾದಾದ್ದು ನಾನು ಮೈಸೂರಿನ ಅಂಗಡಿಯಲ್ಲಿ ಹತ್ತಿ ನೋಡಿ ತಂದದ್ದು, ಇನ್ನೊಂದು ಮಗ ಆನ್‌ಲೈನ್‌ನಲ್ಲಿ ತರಿಸಿದ್ದು. ಬ್ರ್ಯಾಂಡ್ ಹೆಸರು ಬರೆಯುವುದಿಲ್ಲ. ಒಂದೇ ಥರದ ಮೆಷಿನ್ ಹತ್ತು ಹೆಸರಲ್ಲಿ ಮಾರಾಟಕ್ಕಿರುತ್ತದೆ, ಗುಣ ನೋಡಿ ತಗೊಳ್ಳಿ.

ನಾನು ಎಎನ್‌ಎಂ, ಅಂದರೆ ಹಳ್ಳಿಗಳ ಸರ್ಕಾರಿ ದಾದಿ ಆಗಿದ್ದವಳು. ನಂಜನಗೂಡು, ಎಚ್.ಡಿ. ಕೋಟೆ ಕಡೆಯ ಉಪಕೇಂದ್ರಗಳಲ್ಲಿ ಕೆಲಸ ಮಾಡಿ ನಿವೃತ್ತಿಯಾದೆ. ಊರವರಿಗೆ ಈಗಲೂ ನರ್ಸಮ್ಮ. ನಮ್ಮ ಕಾಲದಲ್ಲಿ ಇದ್ದದ್ದು ಮುಳ್ಳು ತಿರುಗುವ ಮೆಷಿನ್. ಯಾರನ್ನಾದರೂ ಹತ್ತಿಸುವ ಮೊದಲು ಸಣ್ಣ ಚಕ್ರ ತಿರುಗಿಸಿ ಮುಳ್ಳನ್ನು ಸೊನ್ನೆಗೆ ತರಬೇಕು. ಚಪ್ಪಲಿ ಬಿಡಿಸಿ, ಕೈಚೀಲ ಕೆಳಗಿಡಿಸಿ, ಮುಳ್ಳು ನಿಲ್ಲುವವರೆಗೆ ಕಾದು ತಾಯಿ ಕಾರ್ಡಿನಲ್ಲಿ ಬರೆಯುತ್ತಿದ್ದೆವು. ಆದರೆ ಎಷ್ಟೋ ಜನ ಬರುತ್ತಿದ್ದದ್ದೇ ಮೂರು ತಿಂಗಳು ತುಂಬಿದ ಮೇಲೆ. "ಬಸುರಾಗುವ ಮೊದಲು ಎಷ್ಟಿತ್ತಮ್ಮ ತೂಕ?" ಅಂದರೆ "ಯಾರ್ ನೋಡವ್ರೆ ನರ್ಸಮ್ಮ" ಅನ್ನುತ್ತಿದ್ದರು. ಬೇಕಾದ ಅಂಕಿಯೇ ಕೈಗೆ ಸಿಗುತ್ತಿರಲಿಲ್ಲ. ಅದಕ್ಕೇ ಸೊಸೆ ಮಗುವಿನ ಮಾತು ಎತ್ತಿದ ಕೂಡಲೇ, ಇನ್ನೂ ಏನೂ ಆಗುವ ಮೊದಲೇ, ಮೆಷಿನ್ ತಂದೆ.

ಆ ಮೊದಲಿನ ತೂಕ ಯಾಕೆ ಬೇಕು ಅಂದರೆ, ಒಂಬತ್ತು ತಿಂಗಳಲ್ಲಿ ಎಷ್ಟು ಏರಬೇಕು ಅನ್ನುವುದು ಅದರ ಮೇಲೆಯೇ ನಿಂತಿದೆ. ಕೆ.ಜಿ. ತೂಕವನ್ನು ಎತ್ತರದ ಮೀಟರ್‌ನಿಂದ ಎರಡು ಸಲ ಭಾಗಿಸಿದರೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ಹೇಳುವ ಅಂಕಿ ಬರುತ್ತದೆ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2009ರಲ್ಲಿ ಕೊಟ್ಟ ಲೆಕ್ಕವನ್ನು ನಮ್ಮ ಡಾಕ್ಟರುಗಳೂ ನೋಡುತ್ತಾರೆ. ಬಿಎಂಐ 18.5ಕ್ಕಿಂತ ಕಡಿಮೆ ಇದ್ದವರು 12.5ರಿಂದ 18 ಕೆ.ಜಿ. ಏರಬೇಕು. 18.5ರಿಂದ 24.9 ಇದ್ದವರು 11.5ರಿಂದ 16. 25ರಿಂದ 29.9 ಇದ್ದವರು 7ರಿಂದ 11.5. 30 ದಾಟಿದವರಿಗೆ 5ರಿಂದ 9 ಸಾಕು. ನಮ್ಮ ದೇಶದವರಿಗೆ 23ರಿಂದಲೇ ತೂಕ ಜಾಸ್ತಿ ಅಂತ ಎಣಿಸಬೇಕು ಅನ್ನುತ್ತಾರೆ. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ನಮ್ಮ ಸೊಸೆ 156 ಸೆಂ.ಮೀ., ಮೊದಲಿನ ತೂಕ 63 ಕೆ.ಜಿ. ಬಿಎಂಐ 26ರ ಹತ್ತಿರ. ಪಕ್ಕದ ಮನೆಯ ಹುಡುಗಿ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ, 152 ಸೆಂ.ಮೀ., 41 ಕೆ.ಜಿ. ಅವಳದ್ದು 18ಕ್ಕೂ ಕಡಿಮೆ. ಇಬ್ಬರೂ ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಬಸುರಿಯರಾದರು, ಇಬ್ಬರಿಗೂ ಇದೇ ಮೆಷಿನ್. ಬಂದವರೆಲ್ಲ ಇಬ್ಬರಿಗೂ ಒಂದೇ ಮಾತು ಹೇಳಿದರು: ಇಬ್ಬರ ಊಟ ಮಾಡು. ಆ ಹುಡುಗಿಯ ಅಜ್ಜಿ ಮಾತ್ರ ಉಲ್ಟಾ, ಜಾಸ್ತಿ ತಿಂದರೆ ಮಗು ದಪ್ಪ ಆಗಿ ಹೆರಿಗೆ ಕಷ್ಟ ಆಗುತ್ತದೆ ಅಂತ ತಟ್ಟೆ ಎಳೆದುಕೊಳ್ಳುವರು. ಅಜ್ಜಿಗೆ ಅಂಕಿ ತೋರಿಸಿ ಒಪ್ಪಿಸಿದೆ. ಮೊಟ್ಟೆ, ಹುರುಳಿ ಸಾರು, ಕಡಲೆಬೀಜ, ಅಂಗನವಾಡಿಯಲ್ಲಿ ಮಾತೃಪೂರ್ಣದ ಬಿಸಿಯೂಟ. 2017ರಲ್ಲಿ ಆ ಯೋಜನೆ ಬಂದಾಗ ನಾವೇ ಮನೆ ಮನೆಗೆ ಹೋಗಿ ಹೇಳಿದ್ದು, ಇವತ್ತಿಗೂ ನನಗೆ ಅದರ ಮೇಲೆ ಪ್ರೀತಿ. ಸೊಸೆಗೆ ಮಾತ್ರ ಒಬ್ಬರ ಊಟವೇ, ಆದರೆ ತಟ್ಟೆಯಲ್ಲಿ ಸೊಪ್ಪು, ಕಾಳು ಮುಂದೆ, ಅನ್ನ ಹಿಂದೆ. ಒಂದು ಮಾತು ಒತ್ತಿ ಹೇಳುತ್ತೇನೆ. ತೂಕ ಜಾಸ್ತಿ ಇದೆ ಅಂತ ಬಸುರಿನಲ್ಲಿ ಉಪವಾಸ, ಡಯಟ್ ಮಾಡಿಸಬೇಡಿ. ಇಳಿಸುವ ಕೆಲಸ ಏನಿದ್ದರೂ ಮೊದಲೇ ಮಾಡಬೇಕು.

ಈಗ ಮೆಷಿನ್ ವಿಚಾರ. ಅಂಗಡಿಯಲ್ಲಿ ಇಡೀ ಕಿಲೋ ಸರಿ ತೋರಿಸುತ್ತದಾ ಅಂತ ನೋಡಿದರೆ ಸಾಲದು. ಮನೆಗೆ ತಂದ ಮೇಲೆ ಸೀಲ್ ಒಡೆಯದ 26 ಕೆ.ಜಿ. ಅಕ್ಕಿ ಮೂಟೆಯನ್ನು ಎರಡರ ಮೇಲೂ ಇಟ್ಟು ನೋಡಿದೆ. ಎರಡೂ ಸರಿಯಾಗೇ ತೋರಿಸಿದವು. ಇನ್ನೊಂದು ಪರೀಕ್ಷೆ ತುಂಬ ಜನಕ್ಕೆ ಗೊತ್ತಿಲ್ಲ. ಒಮ್ಮೆ ಹತ್ತಿ ತೂಕ ನೋಡಿ, ಇಳಿದು, ಅರ್ಧ ಲೀಟರ್ ನೀರಿನ ಬಾಟಲಿ ಕೈಯಲ್ಲಿ ಹಿಡಿದು ಮತ್ತೆ ಹತ್ತಿ. ಅರ್ಧ ಕಿಲೋ ಏರಬೇಕು ತಾನೇ? ಮಗ ತರಿಸಿದ್ದು ಹಳೆಯ ಅಂಕಿಯನ್ನೇ ಮತ್ತೆ ತೋರಿಸಿತು! ಕೆಲವು ಮೆಷಿನ್‌ಗಳು ಹಿಂದಿನ ತೂಕವನ್ನು ನೆನಪಿಟ್ಟುಕೊಂಡು, ಹೊಸದು ಅದರ ಹತ್ತಿರ ಇದ್ದರೆ ಹಳೆಯದನ್ನೇ ಹೇಳುತ್ತವೆ. ನೋಡುವವರಿಗೆ ಮೆಷಿನ್ ತುಂಬ ಕರಾರುವಾಕ್ಕು ಅನ್ನಿಸುತ್ತದೆ. ಬಸುರಿಗೆ ಇದು ಆಗುವುದೇ ಇಲ್ಲ. ನಾಲ್ಕನೇ ತಿಂಗಳಿಂದ ವಾರಕ್ಕೆ ಏರುವುದು ಸಣ್ಣಗಿರುವವರಿಗೆ ಅರ್ಧ ಕಿಲೋ, ತೂಕ ಜಾಸ್ತಿ ಇರುವವರಿಗೆ 300 ಗ್ರಾಂ. ನಮಗೆ ಬೇಕಾದ್ದೇ ಆ ಸಣ್ಣ ಏರಿಕೆ. ಸಾದಾ ಮೆಷಿನ್ ಬಾಟಲಿಯ ತೂಕವನ್ನು ಸರಿಯಾಗಿ ಹಿಡಿಯಿತು.

ಚಾಪೆ, ಮ್ಯಾಟ್ ಮೇಲೆ ಇಡಬೇಡಿ. ನಮ್ಮ ಹಜಾರದ ಕೆಂಪು ನೆಲದಲ್ಲಿ ಒಂದು ಕಡೆ ಸ್ವಲ್ಪ ಇಳಿಜಾರು, ಅಲ್ಲಿಟ್ಟರೆ ಅಂಕಿ ಬೇರೆಯೇ ಬರುತ್ತದೆ. ಒಂದು ಟೈಲ್ಸ್ ಗುರುತು ಮಾಡಿ ಅಲ್ಲೇ ಇಟ್ಟಿದ್ದೇನೆ. ಸೋಮವಾರ ಬೆಳಿಗ್ಗೆ, ಬಚ್ಚಲಿಗೆ ಹೋಗಿ ಬಂದ ಮೇಲೆ, ಕಾಫಿಗೆ ಮೊದಲು, ನೈಟಿಯಲ್ಲೇ. ದಿನಾ ಹತ್ತುವುದು ಬೇಡ, ನೀರಿನ ಏರಿಳಿತ ನೋಡಿ ಸುಮ್ನೆ ತಲೆಬಿಸಿ.

ಆ್ಯಪ್ ಮೆಷಿನ್‌ನ ದೊಡ್ಡ ತೊಂದರೆ ಬೇರೆ. ಅದು ಪಾದದ ಮೂಲಕ ಸಣ್ಣ ಕರೆಂಟ್ ಹರಿಸಿ, ಮೈಯಲ್ಲಿರುವ ನೀರಿನ ಅಂದಾಜಿನ ಮೇಲೆ ಕೊಬ್ಬಿನ ಲೆಕ್ಕ ಕಟ್ಟುತ್ತದೆ. ಬಸುರಿನಲ್ಲಿ ರಕ್ತ, ಮೈಯ ನೀರು ಎಲ್ಲ ಜಾಸ್ತಿಯಾಗುತ್ತದೆ, ಹೊಟ್ಟೆಯಲ್ಲಿ ಮಗು, ಮಾಸು, ಮಗುವಿನ ಸುತ್ತಲಿನ ನೀರು. ಈ ಲೆಕ್ಕ ಎಲ್ಲಿ ಹೊಂದುತ್ತದೆ? ಡಬ್ಬಿಯೊಳಗಿನ ಪುಸ್ತಕದಲ್ಲೇ, ಸಣ್ಣ ಅಕ್ಷರದಲ್ಲಿ, ಗರ್ಭಿಣಿಯರು ಬಳಸಬಾರದು ಅಂತ ಬರೆದಿದೆ. ಮಾರುವ ಚಿತ್ರದಲ್ಲಿ ಮಾತ್ರ ತಾಯಿ, ಮಗು. ಸೊಸೆ ಮೂರನೇ ತಿಂಗಳಲ್ಲಿ ವಾಂತಿಯಲ್ಲಿ ಬಸವಳಿದು ಎರಡು ಕಿಲೋ ಇಳಿದಾಗ ಆ ಆ್ಯಪ್ ಹಸಿರು ಬಣ್ಣದಲ್ಲಿ ಅಭಿನಂದನೆ ಕಳಿಸಿತು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆಮೇಲೆ ತೂಕ ಸರಿಯಾಗಿ ಏರತೊಡಗಿದಾಗ ಕೆಂಪು ಬಣ್ಣ, ಎಚ್ಚರಿಕೆ. ಹುಡುಗಿ ಅಳುಮುಖ ಮಾಡಿಕೊಂಡು "ಅತ್ತೆ, ಇದು ಹೀಗನ್ನುತ್ತಿದೆ" ಅಂದಳು. ಅವತ್ತೇ ಅವಳ ಫೋನಿನಿಂದ ತೆಗೆಸಿದೆ.

ತೂಕದ ಹಿಂದೆ ಇಷ್ಟು ಬೀಳುವುದು ಹೆರಿಗೆ ಸಲೀಸಾಗಲಿ ಅಂತ ಮಾತ್ರ ಅಲ್ಲ. ನಮ್ಮ ಮೈಸೂರಿನಲ್ಲೇ, ನಾವೆಲ್ಲ ಮಿಷನ್ ಆಸ್ಪತ್ರೆ ಅನ್ನುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, 1997–98ರಲ್ಲಿ ಪಾರ್ಥೆನಾನ್ ಅನ್ನುವ ಅಧ್ಯಯನ ಶುರುವಾಯಿತು. ಬಸುರಿಯರನ್ನು ಅಳೆದರು, ಹುಟ್ಟಿದ ಮಕ್ಕಳನ್ನು ಅಳೆದರು, ಆ ಮಕ್ಕಳು ಬೆಳೆದಂತೆಲ್ಲ ಮತ್ತೆ ಕರೆದು ಅಳೆದರು. ಚರ್ಮವನ್ನು ಬೆರಳಲ್ಲಿ ಮಡಿಚಿ, ಇಕ್ಕಳದಂಥ ಉಪಕರಣದಲ್ಲಿ ಹಿಡಿದು ಮಡಿಕೆ ಎಷ್ಟು ದಪ್ಪ ಅಂತ ನೋಡುತ್ತಾರೆ. ನಮ್ಮ ಕೂಸುಗಳು ಬ್ರಿಟನ್ನಿನ ಕೂಸುಗಳಿಗಿಂತ ಸಣ್ಣವು, ತೋಳಿನ ಸುತ್ತಳತೆ ಕಡಿಮೆ. ಆದರೆ ಬೆನ್ನಲ್ಲಿ, ಹೆಗಲ ಮೂಳೆಯ ಕೆಳಗಿನ ಮಡಿಕೆ ಅಷ್ಟೇನೂ ಕಡಿಮೆ ಇರಲಿಲ್ಲ. 4 ವರ್ಷ ಆಗುವ ಹೊತ್ತಿಗೆ ಮೈಯೆಲ್ಲ ಇನ್ನೂ ಸಣ್ಣ, ಆ ಮಡಿಕೆ ಮಾತ್ರ ಅಲ್ಲಿನ ಮಕ್ಕಳಿಗಿಂತ ದಪ್ಪ. ಬಸುರಿನಲ್ಲಿ ಸಕ್ಕರೆ ಕಾಯಿಲೆ ಬಂದಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ 5ನೇ ವರ್ಷಕ್ಕೇ ಕೊಬ್ಬು ಜಾಸ್ತಿ ಕಂಡಿತು. ಪುಣೆ ಹತ್ತಿರದ ಹಳ್ಳಿಗಳಲ್ಲಿ ಡಾ. ಯಾಜ್ಞಿಕ್ ಮತ್ತು ಜೊತೆಯವರು ಕೂಸುಗಳ ಈ ಮೈಕಟ್ಟನ್ನೇ ನೋಡಿ 2003ರಲ್ಲಿ ಬರೆದರು. ಅಲ್ಲಿನ ಕೂಸುಗಳ ಸರಾಸರಿ ತೂಕ 2.7 ಕೆ.ಜಿ., ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ 3.5. ಆದರೂ ಪುಣೆಯ ಕೂಸುಗಳಲ್ಲಿ ಕಡಿಮೆ ಇದ್ದದ್ದು ಹೆಚ್ಚಾಗಿ ಸ್ನಾಯು, ಕೊಬ್ಬಲ್ಲ. ನೋಡಲು ಸಣಕಲು, ಒಳಗೆ ಕೊಬ್ಬು. ನಮಗೆ 23 ಅನ್ನುವ ಗೆರೆ ಬಂದದ್ದೂ ಇದೇ ಮೈಕಟ್ಟಿನಿಂದ.

ಬ್ರಿಟನ್ನಿನ ಬ್ರಿಸ್ಟಲ್ ಕಡೆ 1991–92ರಲ್ಲಿ ಬಸುರಿಯರಾಗಿದ್ದವರ ಮಕ್ಕಳನ್ನು 9ನೇ ವರ್ಷದಲ್ಲಿ ನೋಡಿದಾಗ, ತಾಯಿಯ ಮೊದಲಿನ ತೂಕ ಜಾಸ್ತಿ ಇದ್ದಷ್ಟೂ ಮಗುವಿನ ಮೈಯಲ್ಲಿ ಕೊಬ್ಬು ಜಾಸ್ತಿ ಕಂಡಿತು. ಬಸುರಿನ ಮೊದಲ 14 ವಾರದಲ್ಲಿ ವಿಪರೀತ ಏರಿದವರ ಮಕ್ಕಳಲ್ಲೂ ಹಾಗೇ. ಎಲ್ಲ ತಾಯಿಯ ಕೈಯಲ್ಲೇ ಇದೆ ಅಂತ ಇದರ ಅರ್ಥ ಅಲ್ಲ. ಮನೆಯ ಊಟ, ಹುಟ್ಟುಗುಣ ಎಲ್ಲ ಸೇರಿರುತ್ತವೆ. ಆದರೆ ಮೊದಲಿನ ತೂಕ, ಮೊದಲ ಮೂರು ತಿಂಗಳು, ಇವೆರಡನ್ನೂ ಕಾರ್ಡಿಗೆ ಬರೆಸಲು ಬರುವ ಹೊತ್ತಿಗೆ ಕಳೆದುಬಿಟ್ಟಿರುತ್ತೇವೆ. ಮನೆಯ ಮೆಷಿನ್ ತುಂಬುವುದು ಆ ಜಾಗವನ್ನು. ಕರ್ನಾಟಕದಲ್ಲಿ 2019–20ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನೂರರಲ್ಲಿ 17 ಹೆಂಗಸರು ತೀರಾ ಸಣ್ಣ, 30 ಮಂದಿ ತೂಕ ಜಾಸ್ತಿ. ಅಂದರೆ ನಮ್ಮ ಎರಡು ಮನೆಯ ಕಥೆ ಎಲ್ಲ ಬೀದಿಯಲ್ಲೂ ಇದೆ.

ಸಾದಾ ಮೆಷಿನ್ ತನ್ನ ಬೆಲೆ ತೀರಿಸಿದ್ದು ಎಂಟನೇ ತಿಂಗಳಲ್ಲಿ. ಅಲ್ಲಿಯವರೆಗೆ ಸೊಸೆ ವಾರಕ್ಕೆ 300, 400 ಗ್ರಾಂ ಏರುತ್ತಿದ್ದಳು. ಒಂದು ಸೋಮವಾರ 1.6 ಕಿಲೋ ಏರಿತ್ತು. ಕಾಲು ಒತ್ತಿದರೆ ಗುಳಿ ಬೀಳುತ್ತಿತ್ತು. ಊಟದಿಂದ ಒಂದೇ ವಾರದಲ್ಲಿ ಅಷ್ಟು ಏರುವುದಿಲ್ಲ, ಅದು ನೀರು. ಬಿಪಿ ಏರುವ ಮುನ್ಸೂಚನೆ ಇರಬಹುದು. ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಬಿಪಿ ಗಡಿಯಲ್ಲಿತ್ತು, ಮೂತ್ರದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನ್ ಇರಲಿಲ್ಲ. ಹೆರಿಗೆಯವರೆಗೆ ಮೇಲಿಂದ ಮೇಲೆ ಬಿಪಿ ನೋಡಿಸಲು ಹೇಳಿದರು. ಮೆಷಿನ್ ರೋಗ ಹೇಳುವುದಿಲ್ಲ, ಹೋಗಿ ತೋರಿಸಿ ಅನ್ನುತ್ತದೆ ಅಷ್ಟೇ. ತಲೆನೋವು, ಕಣ್ಣು ಮಂಜು, ಮುಖ ಊದುವುದು ಇದ್ದರೆ ಸೋಮವಾರದವರೆಗೂ ಕಾಯಬೇಡಿ.

ಸೊಸೆ ಒಟ್ಟು ಏರಿದ್ದು 10 ಕೆ.ಜಿ. ಒಳಗೆ. ಹೆಣ್ಣು ಮಗು, 2.9 ಕೆ.ಜಿ. ಪಕ್ಕದ ಹುಡುಗಿ 12 ಏರಿದಳು, ಅವಳ ಗಂಡು ಮಗು 2.6. ಎರಡೂ ಚೆನ್ನಾಗಿವೆ. 

ಕೂಸಿನ ತೂಕಕ್ಕೆ ಇದೇ ಮೆಷಿನ್ ಆಗುತ್ತದಾ ಅಂತ ಕೇಳುತ್ತೀರಿ. ಆಗುವುದಿಲ್ಲ. ಎತ್ತಿಕೊಂಡು ಹತ್ತಿ, ಕೂಸನ್ನು ಇಳಿಸಿ ಹತ್ತಿ, ಕಳೆಯುವ ಲೆಕ್ಕ ಸರಿಯೇ. ಆದರೆ ಇದು 100 ಗ್ರಾಂ ಮೆಟ್ಟಿಲಲ್ಲಿ ತೋರಿಸುತ್ತದೆ, ಎಳೆಗೂಸು ದಿನಕ್ಕೆ ಏರುವುದು 25, 30 ಗ್ರಾಂ. ಅಂಗನವಾಡಿಯಲ್ಲಿ ಕೂಸಿನ ತೂಕಕ್ಕೆಂದೇ ಇರುವ ಮೆಷಿನ್‌ನಲ್ಲಿ ಹಾಕಿಸಿ, ದುಡ್ಡೂ ಕೊಡಬೇಕಿಲ್ಲ. ಕೂಸು ಗುಂಡುಗುಂಡಾಗಿರಲಿ ಅಂತ ಡಬ್ಬಿ ಪುಡಿ ಹಾಕುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಆರು ತಿಂಗಳು ಎದೆಹಾಲೇ ಕೊಡಿ.

ಸಾದಾ ಮೆಷಿನ್‌ಗೆ ಐದಕ್ಕೆ ನಾಲ್ಕೂವರೆ. ಅಂಕಿಯ ಹಿಂದಿನ ಬೆಳಕು ಮಂಕು, ಹೊಟ್ಟೆ ಮುಂದೆ ಬಂದ ಮೇಲೆ ಬಗ್ಗಿ ನೋಡಲು ಅವಳಿಗೆ ಆಗುತ್ತಿರಲಿಲ್ಲ, ನಾನೇ ಓದಿ ಹೇಳಬೇಕಿತ್ತು. ಅದಕ್ಕೇ ಅರ್ಧ ಕಳೆದೆ. ಆ್ಯಪ್‌ನದ್ದಕ್ಕೆ ಬಸುರಿನ ಮಟ್ಟಿಗೆ ಒಂದು. ಅದನ್ನು ಈಗ ಮಗ ಬಳಸುತ್ತಾನೆ. 84 ಕೆ.ಜಿ. ಇದ್ದಾನೆ. ಅಪ್ಪನ ತೂಕಕ್ಕೂ ಮಗುವಿನ ಮೈಗೂ ನಂಟು ಕಂಡಿದೆ ಅಂತ ಅವನಿಗೆ ಹೇಳಿದ್ದೇನೆ, ಎರಡನೇ ಮಗುವಿನ ಮಾತು ಬರುವ ಮೊದಲು ಅವನೂ ಇಳಿಯಬೇಕು.