ಅಜ್ಜನ ಲೆಕ್ಕ ಪುಸ್ತಕ ಓದಿದ ಆ್ಯಪ್: ಎರಡು ವರ್ಷ ಬಳಸಿದ ಮೇಲೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ನಮ್ಮ ಮನೆಯಲ್ಲಿ ಅಜ್ಜ ಬರೆದ ಒಂಬತ್ತು ಲೆಕ್ಕ ಪುಸ್ತಕಗಳಿವೆ. ಅಡಿಕೆ ಮಾರಿದ್ದು, ಕೆಲಸದವರಿಗೆ ಅಕ್ಕಿ ಅಳೆದದ್ದು, ಎಲ್ಲ ಕನ್ನಡದಲ್ಲೇ. ಐದು ಪುಸ್ತಕಗಳು 1956ಕ್ಕಿಂತ, ಅಂದರೆ ಕಾಸರಗೋಡು ಕೇರಳಕ್ಕೆ ಸೇರುವುದಕ್ಕಿಂತ ಹಿಂದಿನವು. ಪ್ರತಿ ಮಳೆಗಾಲ ಬೂಷ್ಟು ಹಿಡಿಯುತ್ತದೆ. ಹಾಳೆ ಹುಡಿಯಾಗುವ ಮೊದಲು ಕಂಪ್ಯೂಟರಿಗೆ ಇಳಿಸೋಣ ಅಂತ ಕೈಬರಹ ಓದುವ ಒಂದು ಆ್ಯಪ್‌ಗೆ ಚಂದಾ ಕಟ್ಟಿದೆ. ಚಿತ್ರದಲ್ಲಿರುವ ಅಕ್ಷರ ಓದುವ ಪುಕ್ಕಟೆ ತಂತ್ರಾಂಶ ಟೆಸರಾಕ್ಟ್ ಇದೆಯಲ್ವಾ ಅಂದರೆ, ಅದು ಅಚ್ಚಿನ ಅಕ್ಷರಕ್ಕೆಂದು ಮಾಡಿದ್ದು.

ಮಾತುಗಳನ್ನು ಆ್ಯಪ್ ಚೆನ್ನಾಗಿಯೇ ಓದುತ್ತದೆ. ಹತ್ತು ಸಾಲಿನಲ್ಲಿ ಏಳೆಂಟು ಸರಿ. ಅದೂ ಸ್ಕ್ಯಾನ್ ನೆಟ್ಟಗಿದ್ದರೆ. ಮೊಬೈಲಲ್ಲಿ ಫೋಟೋ ತೆಗೆದಾಗ ಹೊಲಿಗೆಯ ಹತ್ತಿರ ಸಾಲು ಬಾಗಿ, ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿಗೆ ಸೇರಿಬಿಡುತ್ತಿತ್ತು. ಈಗ ಸ್ಕ್ಯಾನರ್‌ನಲ್ಲಿ 300 ಡಿಪಿಐ (ಇಂಚಿಗೆ 300 ಚುಕ್ಕಿ) ಇಟ್ಟು, ಹಾಳೆಯ ಹಿಂದೆ ಕಪ್ಪು ಕಾಗದ ಇಡುತ್ತೇನೆ. ಆಚೆ ಪುಟದ ಶಾಯಿ ಈಚೆ ಕಾಣುವುದು ಕಡಿಮೆಯಾಗುತ್ತದೆ. ಅರ್ಧ ತಪ್ಪು ಇದರಲ್ಲೇ ಹೋಯಿತು.

ಉಳಿದ ಅರ್ಧ ತಮಾಷೆಯದು. ಅಜ್ಜ ಕೊಂಬನ್ನು ಎಳೆದೂ ಎಳೆಯದ ಹಾಗೆ ಬರೆಯುವವರು. ಹಾಗಾಗಿ 'ಎರಡು ಮುಡಿ ಅಕ್ಕಿ' ಹೋಗಿ 'ಎರಡು ಮಡಿ ಅಕ್ಕಿ'. ಮುಡಿ ಅಂದರೆ ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿ ಮೂಟೆ. ಇಂಥ ಆ್ಯಪ್‌ಗಳು ಬಿಡಿ ಬಿಡಿ ಅಕ್ಷರ ಓದುವುದಿಲ್ಲ. ಸಾಲನ್ನು ಇಡಿಯಾಗಿ ನೋಡಿ, ಕಲಿಯುವಾಗ ಜಾಸ್ತಿ ಕಂಡ ಮಾತಿನ ಕಡೆಗೆ ವಾಲುತ್ತವೆ. ನಮ್ಮ ತುಳು ಮಾತು ಅವಕ್ಕೆ ಎಲ್ಲಿ ಸಿಗಬೇಕು? ತುಳುವರ ಬೇಶ ತಿಂಗಳ ಹತ್ತನೇ ದಿನ 'ಪತ್ತನಾಜೆ', ಅದು 'ಪಟ್ಟಣಾಚೆ' ಆಯಿತು. ಅಮ್ಮ ನಕ್ಕದ್ದೇ ನಕ್ಕದ್ದು.

ಅಂಕೆಯಲ್ಲಿ ಮಾತ್ರ ನಗು ಬರಲಿಲ್ಲ. 1957ರಲ್ಲಿ ನಯಾ ಪೈಸೆ ಬರುವ ತನಕ ಲೆಕ್ಕವೆಲ್ಲ ರೂಪಾಯಿ, ಆಣೆ, ಪೈಯಲ್ಲಿ. ಐದು ರೂಪಾಯಿ ನಾಲ್ಕಾಣೆ ಆರು ಪೈಯನ್ನು ಅಜ್ಜ ೫-೪-೬ ಅಂತ ಬರೆದರೆ, ಆ್ಯಪ್ ಅದನ್ನು ತಾರೀಕು ಮಾಡಿ ಎಡಗಡೆ ಕೂರಿಸುತ್ತದೆ. ೧ರ ಬಾಯಿ ಸ್ವಲ್ಪ ಮುಚ್ಚಿದರೂ ಸಾಕು, ೦. ಮಾತು ತಪ್ಪಿದರೆ ಓದುವಾಗ ಗೊತ್ತಾಗುತ್ತದೆ. ಅಂಕೆ ತಪ್ಪಿದರೆ ಯಾರಿಗೆ ಗೊತ್ತಾಗಬೇಕು? ಮೂರು ಸಲ ದೂರು ಬರೆದೆ. ಮೂರು ಸಲವೂ ಒಂದೇ ಸಿದ್ಧ ಉತ್ತರ. ಈಗ ಹಣದ ಕಾಲಂ ಕತ್ತರಿಸಿ, ಮಾತಿನ ಭಾಗ ಮಾತ್ರ ಕೊಡುತ್ತೇನೆ. ಹಣದ್ದನ್ನು ಅಮ್ಮ ಓದಿ ಹೇಳುತ್ತಾರೆ, ನಾನು ಟೈಪ್ ಮಾಡುತ್ತೇನೆ.

ಆದರೂ ಚಂದಾ ನಿಲ್ಲಿಸಿಲ್ಲ. ಹುಡುಕಲಿಕ್ಕೆ ಆಗುತ್ತದಲ್ಲ, ಅದಕ್ಕೆ. ಮೊನ್ನೆ ಸುಮ್ನೆ 'ಸುರಂಗ' ಅಂತ ಹುಡುಕಿದೆ. ಗುಡ್ಡದೊಳಗೆ ಅಡ್ಡಕ್ಕೆ ಕೊರೆದ, ಈಗಲೂ ನಮಗೆ ನೀರು ಕೊಡುವ ಸುರಂಗದ ಕೆಲಸ ಏಳು ಕಡೆ ಸಿಕ್ಕಿತು. ಮೊದಲ ತಿಂಗಳು ಕೊರೆದದ್ದು '೦೦ ಕೋಲು' (ಕೋಲು ಅಂದರೆ ಉದ್ದದ ಹಳೆಯ ಅಳತೆ) ಅಂತ ಇತ್ತು. ಪುಸ್ತಕ ತೆಗೆದು ನೋಡಿದರೆ ೧೧.